ಮುದಿ ಕರಡಿಯ ತುಪ್ಪಳ

ವೆಲ್ಲಮೊ ಬರೆಯುವ ಪ್ರಾಣಿಗಳನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಹಾಗೆಂದು ಅವಳೇ ಹೇಳುತ್ತಿದ್ದಳು. ಮೊಲವೆಂದರೆ ಒಂದು ಮೊಟ್ಟೆ, ಅದರ ಮೇಲೆರಡು ಉದ್ದನೆಯ ಎಲೆ. ನರಿಯೆಂದರೆ ಒಂದು ತ್ರಿಕೋನ, ಹಿಂದೊಂದು ಬಾಲ. ಗೂಬೆಗಂತೂ ಎರಡು ಕಣ್ಣು ಬಿಟ್ಟರೆ ಬೇರೇನೂ ಬೇಡ. ಕಂಪ್ಯೂಟರಿನ ಪರದೆಯ ಮೇಲೆ ಆ ಆಕಾರಗಳಿಗೆ ಬಣ್ಣ ತುಂಬಿದ ಹೊತ್ತಿನಲ್ಲಿ ಅವು ಪ್ಲಾಸ್ಟಿಕ್ ಬಟ್ಟಲಿನಷ್ಟು ನುಣ್ಣಗೆ, ಸಪ್ಪಗೆ ಕೂತಿರುತ್ತಿದ್ದವು. ಆಮೇಲೆ ಅವಳು ಬಣ್ಣದ ಮೇಲೆ ಇನ್ನೊಂದು ಪದರ ಹಾಕಿ ಅದರಲ್ಲಿ ತರಿ, ಅಂದರೆ ತುಪ್ಪಳದಂತೆ ಕಾಣುವ ಒರಟು ಎಳೆಗಳನ್ನು, ಹರಡುತ್ತಿದ್ದಳು. ಬೆನ್ನಿನ ಮೇಲೆ ದಟ್ಟವಾಗಿ, ಪಕ್ಕೆಯಲ್ಲಿ ತೆಳ್ಳಗೆ, ಹೊಟ್ಟೆಯ ಹತ್ತಿರ ಏನೂ ಇಲ್ಲದೆ. ಅಷ್ಟೇ. ಮೊಟ್ಟೆ ಹೋಗಿ ಮೊಲ ಬರುತ್ತಿತ್ತು. ಪುಸ್ತಕ ತೆರೆದ ಮಕ್ಕಳು ಪುಟದ ಮೇಲೆ ಕೈಯಾಡಿಸಿ ನೋಡುತ್ತಿದ್ದರು. ಬೆರಳಿಗೆ ಏನೂ ಸಿಗದಿದ್ದರೂ ಮತ್ತೆ ಆಡಿಸುತ್ತಿದ್ದರು.

ಆ ತರಿಯೆಲ್ಲ ಅವಳ ಗಂಡ ತೌನೊನ ಕೈಯದು. ಪುಸ್ತಕದ ಮೇಲೆ ಅವನ ಹೆಸರು ಇರುತ್ತಿರಲಿಲ್ಲ. ಅವನಿಗೆ ಬೇಕಾಗಿಯೂ ಇರಲಿಲ್ಲ.

ತೌನೊ ಉತ್ತರದ ಹಿಮನಾಡಿನ ರೌಮಾ ಊರಿನಲ್ಲಿ ಬಾಗಿಲುಗಳಿಗೆ ಮರ ಬರೆಯುತ್ತಿದ್ದವನು. ಬಡ ಪೈನ್ ಮರದ ಬಾಗಿಲಿಗೆ ಓಕ್ ಮರದ ವೇಷ ಹಾಕುವ ಕೆಲಸ ಅದು. ಹಳೇ ಪೇಟೆಯ ಮರದ ಮನೆಗಳಲ್ಲಿ ಅಂಥ ಬಾಗಿಲುಗಳು ಇಂದಿಗೂ ಇವೆ, ಕೆಟ್ಟರೆ ಸರಿಮಾಡುವವರು ಬೇಕು. ಮೊದಲು ಹಳದಿ ಬಣ್ಣ ಬಳಿದು ಒಣಗಿಸಬೇಕು. ಅದರ ಮೇಲೆ ಹಳಸಿದ ಬಿಯರಿನಲ್ಲಿ ಕಲಸಿದ ಕಂದು ಪುಡಿಯನ್ನು ತೆಳ್ಳಗೆ ಹಚ್ಚಿ, ಹಸಿ ಇರುವಾಗಲೇ ಉಕ್ಕಿನ ಬಾಚಣಿಗೆಯಿಂದ ಎಳೆ ಎಳೆಯಬೇಕು. ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಒತ್ತಿ ಗಂಟು ಮೂಡಿಸಬೇಕು. ನೀರಿಗಿಂತ ಬಿಯರ್ ಯಾಕೆ ಎಂದು ಕೇಳಿದವರಿಗೆ, "ನೀರನ್ನ ಕೆಲಸ ಮುಗಿದ ಮೇಲೆ ಕುಡಿಯೋಕಾಗುತ್ತಾ?" ಎನ್ನುತ್ತಿದ್ದ. ನಿಜವಾದ ಕಾರಣ ಬಿಯರಿನ ಅಂಟು. ಆದರೆ ಅದು ದುರ್ಬಲ ಅಂಟು. ವಾರ್ನಿಷ್ ಹಚ್ಚುವ ತನಕ ಒಂದು ಒದ್ದೆ ಬಟ್ಟೆ ಆಡಿಸಿದರೆ ದಿನವಿಡೀ ಮಾಡಿದ್ದೆಲ್ಲ ಬಕೆಟ್ಟಿಗೆ ಇಳಿಯುತ್ತದೆ.

ಅವನಿಗೆ ಕೆಲಸ ಕಲಿಸಿದ ಮುದುಕ ಆ ಒದ್ದೆ ಬಟ್ಟೆಯನ್ನು ಹೆಗಲ ಮೇಲೇ ಹಾಕಿಕೊಂಡಿರುತ್ತಿದ್ದನಂತೆ. ಒಂದು ಬಾಗಿಲಿನಲ್ಲಿ ಒಂದೇ ಥರದ ಗಂಟು ಎರಡು ಕಡೆ ಕಂಡಿತೋ, ಮಾತಿಲ್ಲ ಕತೆಯಿಲ್ಲ, ಇಡೀ ಬಾಗಿಲನ್ನು ಒರೆಸಿ ಬಿಸಾಡುತ್ತಿದ್ದ. ಮರ ಒಮ್ಮೆ ಬೆಳೆದಂತೆ ಇನ್ನೊಮ್ಮೆ ಬೆಳೆಯುವುದಿಲ್ಲ ಎನ್ನುವುದು ಅವನ ಹಟ. ಬೈಸಿಕೊಂಡೇ ಕಲಿತ ತೌನೊ ಅದನ್ನು ಹಾಗೇ ಮೈಗೂಡಿಸಿಕೊಂಡ. ಅಭ್ಯಾಸಕ್ಕೆಂದು ಶೆಡ್ಡಿನಲ್ಲಿ ಇಟ್ಟುಕೊಂಡಿದ್ದ ಹಲಗೆಯ ಮೇಲೂ ಒಂದು ಗಂಟನ್ನು ಮರಳಿ ಬರೆದವನಲ್ಲ. ಬರೆಯುವುದು, ನೋಡುವುದು, ಒರೆಸುವುದು, ಮರುದಿನ ಅದೇ ಹಲಗೆ.

ಒಂದು ದಿನ ವೆಲ್ಲಮೊ, "ಒರೆಸೋ ಮುಂಚೆ ಒಂದ್ನಿಮಿಷ ಕೊಡು," ಎಂದು ಆ ಹಲಗೆಯನ್ನು ಕಿತ್ತುಕೊಂಡು ಹೋಗಿ ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿದಳು. ಗಾಜಿಗಿಂತ ಹಲಗೆ ದೊಡ್ಡದು. ಸರಿಸಿ ಸರಿಸಿ ತುಂಡು ತುಂಡಾಗಿ ತೆಗೆದು, ಆಮೇಲೆ ಪರದೆಯ ಮೇಲೆ ಜೋಡಿಸಬೇಕಾಯಿತು. ಬೇಸರದ ಕೆಲಸ. ಆದರೆ ಆ ಎಳೆಗಳನ್ನು ಒಂದು ಬೋಳು ಕಡವೆಯ ಮೈಗೆ ಹಾಕಿದಾಗ ಅವಳೇ ಬಾಯಿ ಬಿಟ್ಟುಕೊಂಡು ನೋಡಿದಳು. ಅಲ್ಲಿಂದ ಮುಂದೆ ಅವಳ ಪ್ರತಿ ಪ್ರಾಣಿಗೂ ತೌನೊನ ಹಲಗೆಯೇ ಚರ್ಮ. ಪುಸ್ತಕದಂಗಡಿಯ ಮುಂದೆ ನಿಂತು ಅವನು, "ನನ್ನ ಬಾಗಿಲಿಗೆ ಕಿವಿ ಅಂಟಿಸಿ ಮಾರ್ತಿದ್ದೀಯಲ್ಲೇ ಕಳ್ಳಿ," ಎನ್ನುತ್ತಿದ್ದ. ಒಳಗೆ ಹೋಗಿ ಇನ್ನೊಂದು ಪ್ರತಿ ಕೊಳ್ಳುತ್ತಿದ್ದ.

ಹೀಗಿರುವಾಗ ಅವನ ಬಲಗೈ ನಡುಗತೊಡಗಿತು. ಮೊದಮೊದಲು ಕಾಫಿ ಕಪ್ಪಿನ ತಟ್ಟೆ ಸದ್ದು ಮಾಡಿತು. ಆಮೇಲೆ ಅಂಗಿಯ ಗುಂಡಿ ಹಾಕುವುದೂ ಕಷ್ಟವಾಯಿತು. ಡಾಕ್ಟರು ಕಾಯಿಲೆಗೆ ಹೆಸರು ಕೊಟ್ಟರು, ಮಾತ್ರೆ ಕೊಟ್ಟರು, ಭರವಸೆ ಮಾತ್ರ ಕೊಡಲಿಲ್ಲ. ತೌನೊ ಯಾರಿಗೂ ಹೇಳದೆ ಬಾಗಿಲುಗಳ ಕೆಲಸ ಬಿಟ್ಟ. ಊರವರು ಕರೆಯಲು ಬಂದರೆ, "ಸಾಕಾಯ್ತಪ್ಪ, ಇನ್ನು ಮುಚ್ಚಿರೋ ಬಾಗಿಲು ಮುಚ್ಚೇ ಇರ್ಲಿ," ಎಂದು ನಕ್ಕು ಕಳಿಸುತ್ತಿದ್ದ. ನಕ್ಕು ತೇಲಿಸುವುದು ಅವನ ಹಳೇ ಚಾಳಿ. ಅವನ ನಗುವಿನಲ್ಲಿ ಯಾವುದು ನಗು, ಯಾವುದು ಅಲ್ಲ ಎಂದು ತನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದಳು ವೆಲ್ಲಮೊ. ಗಂಡನನ್ನು ಅರೆದು ಕುಡಿದಿದ್ದೇನೆ ಎಂದುಕೊಳ್ಳುವ ಹೆಂಡತಿಯರು ಎಲ್ಲ ಊರಿನಲ್ಲೂ ಇರುತ್ತಾರೆ.

ಆ ವರ್ಷ ಅವಳು ನಿದ್ದೆ ಬಾರದ ಒಂದು ಮುದಿ ಕರಡಿಯ ಕತೆ ಹಿಡಿದಿದ್ದಳು. ಹಿಮ ಬೀಳತೊಡಗಿದರೂ ಕರಡಿಗೆ ತನ್ನ ಗುಹೆ ಸಿಗುವುದಿಲ್ಲ. ಪುಟದಿಂದ ಪುಟಕ್ಕೆ ಹುಡುಕುತ್ತ ನಡೆಯುತ್ತದೆ. ಕರಡಿಯೆಂದರೆ ಒಂದು ದೊಡ್ಡ ಗುಡ್ಡ, ಎರಡು ಚಿಕ್ಕ ಕಿವಿ. ಇಡೀ ಪುಟ ತುಂಬುವ ಮೈ. ಅದಕ್ಕೆ ಹಿಂದೆ ಸ್ಕ್ಯಾನ್ ಮಾಡಿಟ್ಟ ತರಿ ಸಾಲದು ಎಂದು ನೆಪ ಹೂಡಿ, ಬೇಸಿಗೆಯ ಶುರುವಿನಲ್ಲಿ ತೌನೊನನ್ನು ಶೆಡ್ಡಿಗೆ ಎಳೆದುಕೊಂಡು ಹೋದಳು. ಅಡುಗೆಮನೆಯ ಕಿಟಕಿಯ ಮುಂದೆ ಗೊಂಬೆಯಂತೆ ಕೂತಿರುವ ಅವನನ್ನು ನೋಡಿ ನೋಡಿ ಅವಳಿಗೆ ಜೀವ ಹಿಂಡಿದಂತಾಗಿತ್ತು.

"ಕೊನೆಗೂ ನನ್ನ ಚಿತ್ರ ಬರೀತಿದ್ದೀಯ ಅನ್ನು," ಎಂದ ತೌನೊ, ಬಿಯರ್ ಬಾಟಲಿಯ ಮುಚ್ಚಳವನ್ನು ಅವಳಿಂದ ತೆಗೆಸುತ್ತ.

"ನಿನ್ನ ಹೊಟ್ಟೆ ಅಷ್ಟು ದೊಡ್ಡದಿಲ್ಲ ಬಿಡು. ಬಾಚು ಸುಮ್ನೆ."

ಅವನು ಬಾಚಿದ. ಹಲಗೆಯ ಎಡಮೂಲೆಯಲ್ಲಿ, ಕೈ ಇನ್ನೂ ದಣಿಯದಿದ್ದಾಗ, ಎಳೆಗಳು ನೆಟ್ಟಗೆ ಬಂದವು. ಒಂದು ಚಂದದ ಗಂಟೂ ಬಂತು. ಅಲ್ಲಿಂದಾಚೆಗೆ ಕೈ ಅವನ ಮಾತು ಕೇಳಲಿಲ್ಲ. ಬಾಚಣಿಗೆ ಕುಣಿಯಿತು, ತಡೆಯಿತು, ಜಾರಿತು. ಅವನು ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು ಎಳೆದ. ಎಳೆಗಳು ಒಂದರ ಮೇಲೊಂದು ಕವುಚಿಕೊಂಡವು, ಸಿಕ್ಕಾದವು, ಮತ್ತೆ ಬಿಚ್ಚಿಕೊಂಡವು. ಹಲಗೆ ತುಂಬುವ ತನಕ ಬಿಡಲಿಲ್ಲ. ಮುಗಿದಾಗ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ದೂರ ನಿಂತು ನೋಡಿ, "ವೆಲ್ಲಮೊ, ಇಲ್ಲಿ ನೋಡೇ," ಎಂದ. "ಜೀವಮಾನವೆಲ್ಲ ಮರ ಬರೆದೆ. ಇವತ್ತು ಕರಡಿ ಬಂತು."

ಅವಳು ನಕ್ಕಳು. ಅವನು ನಕ್ಕು ತೇಲಿಸುತ್ತಿದ್ದಾನೆ ಎಂದುಕೊಂಡು, ಅವನ ಜೊತೆಗಿರಲೆಂದು ನಕ್ಕಳು. ಆಮೇಲೆ, "ನಿಲ್ಲು, ಒಂದು ಫೋಟೋ ತೆಗೀತೀನಿ," ಎಂದು ಹಲಗೆ ಹಿಡಿದುಕೊಂಡ ಅವನನ್ನು ಫೋನಿನಲ್ಲಿ ತೆಗೆದಳು. ಅವನು ತಾನು ನೋಡುವ ಹಾಗೆ ಹಲಗೆಯನ್ನು ತನ್ನತ್ತ ತಿರುಗಿಸಿಕೊಂಡಿದ್ದ. ಫೋಟೋದಲ್ಲಿ ಬಂದದ್ದು ಹಲಗೆಯ ಬೆನ್ನು, ಅದರ ಮೇಲಿಂದ ಅವನ ಮುಖ.

ಒಣಗಿದ ಹಲಗೆಯನ್ನು ಒಳಗೆ ತಂದು ಗಾಜಿನ ಮೇಲೆ ಹಾಕಿದಳು. ಮೊದಲ ತುಂಡು, ಆ ನೆಟ್ಟಗಿನ ಎಡಮೂಲೆ, ಪರದೆಯ ಮೇಲೆ ಬಂತು. ಎರಡನೆಯದಕ್ಕೆ ಹಲಗೆ ಸರಿಸಲು ಎತ್ತಿದವಳು ಆ ಸಿಕ್ಕು ಎಳೆಗಳನ್ನು ಹತ್ತಿರದಿಂದ ಕಂಡಳು. ಅಡುಗೆಮನೆಯಲ್ಲಿ ದಿನವೂ ಕಪ್ಪಿನ ಸದ್ದಿನಲ್ಲಿ ಕೇಳುತ್ತಿದ್ದುದು ಇಲ್ಲಿ ಕಣ್ಣಿಗೆ ಕಾಣುವಂತೆ ಬರೆದಿಟ್ಟಿತ್ತು. ಇದನ್ನು ಪುಟ ಪುಟದಲ್ಲೂ ಅಚ್ಚು ಹಾಕಿ ಊರಿಗೆಲ್ಲ ತೋರಿಸುವುದೇ? ಅಂಗಡಿಯ ಕಿಟಕಿಯಲ್ಲಿ ಇದನ್ನು ನೋಡಿ ತೌನೊ ಏನಂದುಕೊಂಡಾನು? ಅವನ ಮಾನ ಕಾಯುತ್ತಿದ್ದೇನೆ ಎಂದೇ ಅವಳು ಸ್ಕ್ಯಾನರಿನ ಮುಚ್ಚಳ ಮುಚ್ಚಿದಳು. ನಾನು ಅವಳನ್ನು ಬೈಯಲಾರೆ. ಆದರೆ ಬಾಗಿಲ ಬಳಿ ನಿಂತಿದ್ದವನನ್ನು ಒಂದು ಮಾತು ಕೇಳಬಹುದಿತ್ತಲ್ಲ.

"ಆಯ್ತಾ?" ಎಂದ ತೌನೊ.

"ಆಯ್ತು."

"ಪೂರ್ತಿ?"

"ಪೂರ್ತಿ, ತಗೊಂಡ್ಹೋಗು."

ಅವನು ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಕಿಟಕಿಯಿಂದ ಅವಳಿಗೆ ಕಾಣುತ್ತಿತ್ತು: ಅಂಗಳದ ನಲ್ಲಿಯಲ್ಲಿ ಬಟ್ಟೆ ತೋಯಿಸಿ, ಎಂದಿನಂತೆ ಮೇಲಿನಿಂದ ಕೆಳಕ್ಕೆ ಒರೆಸಿದ. ಸಿಳ್ಳೆ ಹಾಕುತ್ತಿದ್ದ. ಎಷ್ಟು ತಿಂಗಳಾಗಿತ್ತೋ ಅವನ ಸಿಳ್ಳೆ ಕೇಳಿ.

ಆ ಒಂದು ಗಾಜಿನಗಲದ ತುಂಡಿನಿಂದ ಅವಳು ಕರಡಿಗೆ ಮೈ ಹೊಲಿದಳು. ಪರದೆಯ ಮೇಲೆ ಇದು ದೊಡ್ಡ ಮಾತಲ್ಲ. ತುಂಡನ್ನು ಪಕ್ಕಪಕ್ಕಕ್ಕೆ ಇಡುವುದು, ಒಂದನ್ನು ಮಗುಚುವುದು, ಇನ್ನೊಂದನ್ನು ತಿರುಗಿಸುವುದು, ಸೇರುವ ಗೆರೆ ಕಾಣದಂತೆ ಬ್ರಶ್ಶಿನಿಂದ ಸವರುವುದು. ಈ ಕೆಲಸದವರೆಲ್ಲ ಮಾಡುತ್ತಾರೆ, ಯಾರೂ ತಪ್ಪೆನ್ನುವುದಿಲ್ಲ. ಪ್ರಕಾಶನದಲ್ಲಿ ಪುಸ್ತಕ ನೋಡಿಕೊಳ್ಳುವ ಇಂಕೇರಿ ಅವಳ ಹಳೇ ಗೆಳತಿ. ಫೋನು ಮಾಡಿ ಹೊಗಳಿದ್ದೇ ಹೊಗಳಿದ್ದು.

"ಎಷ್ಟು ಅಚ್ಚುಕಟ್ಟು ಕಣೇ! ಈ ಸಲದ ತುಪ್ಪಳ ಬಾಚಿ ಇಟ್ಟ ಹಾಗಿದೆ. ತೌನೊ ಕೈ ಹೇಗಿದೆ ಈಗ?"

"ಪರವಾಗಿಲ್ಲ," ಎಂದಳು ವೆಲ್ಲಮೊ.

ಪುಸ್ತಕ ಬಂದದ್ದು ಮೊದಲ ಹಿಮ ಬೀಳುವ ಹೊತ್ತಿಗೆ. ವೆಲ್ಲಮೊ ಏಲಕ್ಕಿ ಬನ್ನು ಮಾಡಿದ್ದಳು, ಕಾಫಿಯನ್ನು ಅರ್ಧ ಕಪ್ಪು ಮಾತ್ರ ತುಂಬಿಸಿದ್ದಳು, ಚೆಲ್ಲದಿರಲೆಂದು. ತೌನೊ ಹಬ್ಬಕ್ಕೆ ಹೊರಟವನಂತೆ ತಲೆ ಬಾಚಿ ಬಂದು ಕೂತ. ಬೇಸಿಗೆಯಿಂದ ಅವನು ಈ ಪುಸ್ತಕದ ದಾರಿ ಕಾದದ್ದು ಅವಳಿಗೂ ಗೊತ್ತಿತ್ತು. ಮುಖಪುಟದ ಕರಡಿಯನ್ನು ನೋಡಿದ. ಒಳಗಿನ ಪುಟ ತಿರುವಿದ, ಮತ್ತೆ ಹಿಂದಕ್ಕೆ ಬಂದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.

"ಇದು ಯಾವ ಹಲಗೆ?"

"ನಿಂದೇ. ಬೇಸಿಗೇಲಿ ಮಾಡಿದ್ಯಲ್ಲ."

"ಇಲ್ಲೊಂದು ಗಂಟಿದೆ ನೋಡು," ಎಂದು ನಡುಗುವ ಬೆರಳನ್ನು ಕರಡಿಯ ಭುಜದ ಮೇಲಿಟ್ಟ. "ಬೆನ್ನ ಮೇಲೂ ಅದೇ. ತೊಡೇಲಿ ತಲೆಕೆಳಗೆ ಮಾಡಿದ್ದೀಯ. ಇಲ್ಲೂ ಅದೇ. ವೆಲ್ಲಮೊ, ಇದೆಲ್ಲ ಒಂದೇ ಮೂಲೆ."

ಅವಳು ಬನ್ನಿನ ತಟ್ಟೆಯನ್ನು ಅತ್ತಿಂದಿತ್ತ ಸರಿಸಿದಳು.

"ಉಳಿದದ್ದೆಲ್ಲಿ?"

"ಇದೆ," ಎಂದಳು. "ಕಂಪ್ಯೂಟರಿನಲ್ಲಿದೆ. ಈ ಸಲ ಇದು ಹೊಂದಿಕೆ ಆಯ್ತು ಅಂತ..."

ಸುಳ್ಳು ಹೇಳಿದ್ದೇಕೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಅವನ ಮುಖ ಸ್ವಲ್ಪ ಬೆಳಗಿತು. "ಹಾಗಾದ್ರೆ ಸರಿ. ನಾನು ಹೆದರಿಬಿಟ್ಟಿದ್ದೆ," ಎಂದ. "ಮತ್ತೆ ಅಚ್ಚಾದಾಗ ಅದನ್ನ ಹಾಕು. ಈ ಮುದುಕನಿಗೆ ಇಷ್ಟು ನೀಟಾದ ಮೈ ಎಲ್ಲಿಂದ ಬರ್ಬೇಕು ಹೇಳು. ನಿದ್ದೆ ಇಲ್ದೆ ಅಲೀತಿದ್ದಾನೆ ಪಾಪ."

ಅಲ್ಲಿಗೆ ಅವಳ ನೆಮ್ಮದಿ ಹಾರಿಹೋಯಿತು. ಹಳೇ ಫೈಲುಗಳನ್ನೆಲ್ಲ ಜಾಲಾಡಿದಳು, ಇಲ್ಲದ್ದು ಸಿಕ್ಕೀತೇ? ಫೋನಿನಲ್ಲಿ ಹುಡುಕಿದಾಗ ಸಿಕ್ಕದ್ದು ಆ ಒಂದು ಫೋಟೋ, ಹಲಗೆಯ ಬೆನ್ನು. ಅದನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಹಲಗೆ ಮಗುಚಿಕೊಳ್ಳಲಿಲ್ಲ. ಆ ಕಡೆಯಿಂದ ನೋಡುತ್ತಿದ್ದ ತೌನೊನ ಮುಖ ಮಾತ್ರ ಸ್ಪಷ್ಟವಾಯಿತು. ಆ ಮುಖದಲ್ಲಿ ತಮಾಷೆ ಇರಲಿಲ್ಲ. ಮೊದಲ ಬಾಗಿಲು ಮುಗಿಸಿದ ಹುಡುಗನ ಹೆಮ್ಮೆ ಇತ್ತು. ಅಷ್ಟು ಹತ್ತಿರ ನಿಂತು ಫೋಟೋ ತೆಗೆದವಳು ತಾನು, ಅದು ತನಗೆ ಕಾಣಲಿಲ್ಲವಲ್ಲ ಎಂದು ಕೂತಲ್ಲೇ ಬಿಕ್ಕಿದಳು.

"ಇನ್ನೊಂದು ಹಲಗೆ ಮಾಡೋಣ್ವಾ?" ಎಂದು ಒಂದು ದಿನ ಕೇಳಿದಳು, ಏನೂ ಅಲ್ಲವೆಂಬಂತೆ.

"ಯಾಕೆ, ಅದು ಸಾಲ್ದಾ?" ಎಂದರೂ ಎದ್ದು ಬಂದ. ಶೆಡ್ಡಿನ ಚಳಿಗೆ ಒಲೆ ಹಚ್ಚಿದಳು. ಬಾಚಣಿಗೆ ಕೈಗೆ ಕೊಟ್ಟಳು. ಅದು ನೆಲಕ್ಕೆ ಬಿತ್ತು. ಎತ್ತಿ ಕೊಟ್ಟಳು, ಮತ್ತೆ ಬಿತ್ತು. ಮೂರನೆಯ ಸಲ ಅವನೇ, "ಬಿಡು, ಅದು ಬೇಸಿಗೆ ಕೈ. ಹೋಯ್ತು," ಎಂದು ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡ.

ಕೊನೆಗೆ ಅವಳು ಮಾಡಬಾರದ್ದನ್ನು ಮಾಡಿದಳು. ಅವನು ಮಧ್ಯಾಹ್ನ ಮಲಗಿದಾಗ ತಾನೇ ಬಿಯರ್ ಕಲಸಿ, ರಟ್ಟಿನ ಮೇಲೆ ಹಚ್ಚಿ, ಕೈಯನ್ನು ಬೇಕೆಂದೇ ನಡುಗಿಸುತ್ತ ಬಾಚಿದಳು. ಚಿತ್ರಗಾರ್ತಿಯ ಕೈ ತಾನೇ, ನೋಡುವುದಕ್ಕೆ ಹಾಗೇ ಬಂತು. ತುಂಡು ತುಂಡಾಗಿ ಸ್ಕ್ಯಾನ್ ಮಾಡಿ, ಜೋಡಿಸಿ, ಕರಡಿಗೆ ತೊಡಿಸಿ, ಅವನನ್ನು ಪರದೆಯ ಮುಂದೆ ಕೂರಿಸಿದಳು.

"ಇಕೋ, ನಿನ್ನ ಹಲಗೆ. ಮುಂದಿನ ಸಲ ಇದೇ ಹಾಕೋದು."

ತೌನೊ ಬಹಳ ಹೊತ್ತು ನೋಡಿದ. ಅವನ ಬಲಗೈ ಮೊಣಕಾಲಿನ ಮೇಲೆ ತನ್ನ ಪಾಡಿಗೆ ಕುಣಿಯುತ್ತಿತ್ತು.

"ಇದು ನಿನ್ನ ಕೈ," ಎಂದ.

"ಅಯ್ಯೋ, ಇಲ್ಲಪ್ಪ..."

"ನಡುಗೋ ಕೈ ನಡುಗಬಾರದು ಅಂತ ಗುದ್ದಾಡುತ್ತೆ ಕಣೇ. ಪ್ರತಿ ಎಳೇನೂ ನೆಟ್ಟಗೆ ಹೋಗೋಕೇ ನೋಡುತ್ತೆ. ಇದರಲ್ಲಿ ಗುದ್ದಾಟ ಎಲ್ಲಿದೆ? ಇದು ಸುಮ್ನೆ ಕುಣೀತಿದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. "ನಂದು ಎಲ್ಲಿ, ವೆಲ್ಲಮೊ?"

ಆಗ ಹೇಳಿದಳು. ಒಂದೇ ತುಂಡು ತೆಗೆದದ್ದು, ಮುಚ್ಚಳ ಮುಚ್ಚಿದ್ದು, ಪೂರ್ತಿ ಎಂದದ್ದು.

"ನಾಚಿಕೆ ಆಯ್ತಾ ನಿಂಗೆ?"

"ಇಲ್ಲ! ನಾಚಿಕೆ ಅಲ್ಲ. ಹೆದರಿಕೆ ಆಯ್ತು. ಅದನ್ನ ನೋಡೋಕಾಗಲಿಲ್ಲ."

"ನಂಗೂ ಹೆದರಿಕೇನೇ," ಎಂದ ತೌನೊ. "ದಿನಾ ಆಗುತ್ತೆ. ಆ ಒಂದು ದಿನ ಆಗಿರಲಿಲ್ಲ."

ಅವಳು ಅವನ ಕೈ ಹಿಡಿಯಲು ಹೋದಳು. ಅವನು ಹಿಡಿಯಲು ಬಿಟ್ಟ, ಆದರೆ ನೋಡುತ್ತಿದ್ದದ್ದು ಪರದೆಯನ್ನೇ. ಅವಳನ್ನು ಸಮಾಧಾನ ಮಾಡುವವನಂತೆ, "ಹಲಗೆ ಒರೆಸಿದವನು ನಾನೇ ಅಲ್ವಾ," ಎಂದ. ಆ ಸಮಾಧಾನವೇ ಅವಳನ್ನು ಇವತ್ತಿಗೂ ಸುಡುತ್ತಿದೆ.

ಅಲ್ಲಿಂದ ಅವನು ಶೆಡ್ಡಿನ ಕಡೆ ಹೋಗಲಿಲ್ಲ. ತಮಾಷೆ ಮಾಡುವುದನ್ನೂ ಬಿಟ್ಟ. ಕಿಟಕಿಯ ಮುಂದೆ ಕೂತು ಕೈಯನ್ನು ಕಂಬಳಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದ, ಅವಳು ಬಂದಾಗ ಇನ್ನಷ್ಟು ಒಳಗೆ ಸರಿಸುತ್ತಿದ್ದ. ತನ್ನ ಕೈಯನ್ನು ಹೆಂಡತಿಯ ಕಣ್ಣಿಗೆ ಬೀಳದಂತೆ ಅಡಗಿಸಿಡುವ ಗಂಡನ ಎದುರು ಊಟಕ್ಕೆ ಕೂರುವುದು ಏನೆಂದು ಅವಳಿಗೆ ಗೊತ್ತಾಯಿತು. ಮಂಜುಗಡ್ಡೆ ಕರಗುವ ದಿನಗಳಲ್ಲಿ ನ್ಯುಮೋನಿಯಾ ಬಂತು, ಕರೆದುಕೊಂಡು ಹೋಯಿತು. ಆಸ್ಪತ್ರೆಯ ಹಾಸಿಗೆಯ ಮೇಲೆ ಕೊನೆಗೆ ಆ ಕೈ ಅಲುಗಾಡದೆ ಮಲಗಿತ್ತು. ಎಷ್ಟು ನೆಟ್ಟಗಿತ್ತೆಂದರೆ ಅವಳಿಗೆ ಅದು ಯಾರದೋ ಕೈ ಅನಿಸಿತು.

ಪುಸ್ತಕ ಚೆನ್ನಾಗಿ ಓಡಿತು. ಮತ್ತೆ ಅಚ್ಚಾಯಿತು, ಅದೇ ನೀಟಾದ ಕರಡಿಯೊಂದಿಗೆ. ಲೈಬ್ರರಿಯಲ್ಲಿ ಓದಲು ಕರೆದರೆ ವೆಲ್ಲಮೊ ಹೋಗುತ್ತಾಳೆ. ಮಕ್ಕಳು ಕರಡಿಯ ಬೆನ್ನ ಮೇಲೆ ಕೈಯಾಡಿಸುವಾಗ ಗೋಡೆಯ ಕಡೆ ನೋಡುತ್ತ ನಿಲ್ಲುತ್ತಾಳೆ. ಈಗ ಅವಳು ಬರೆಯುವ ಪ್ರಾಣಿಗಳಿಗೆ ತರಿಯಿಲ್ಲ, ಬಣ್ಣ ತುಂಬಿ ಹಾಗೇ ಕಳಿಸುತ್ತಾಳೆ. ಇದೇ ಹೊಸ ಶೈಲಿ, ತುಂಬ ಚೆನ್ನಾಗಿದೆ ಎಂದು ಇಂಕೇರಿ ಹೇಳುತ್ತಾಳೆ. ಹೊಗಳುವುದಕ್ಕೆ ಅವಳಿಗೆ ಏನಾದರೂ ಸಾಕು.

ಸಂಜೆ ವೆಲ್ಲಮೊ ಹಳೇ ಪೇಟೆಯಲ್ಲಿ ನಡೆಯುತ್ತಾಳೆ. ಬಾಗಿಲ ಮುಂದೆ ನಿಂತರೆ ಮನೆಯವರಿಗೆ ಗೊತ್ತಾಗುತ್ತದೆ, ಪಾಪ, ಗಂಡನ ಕೈ ನೋಡುತ್ತಿದ್ದಾಳೆ ಎಂದು. ಕಾಫಿಗೆ ಕರೆಯುತ್ತಾರೆ. ಆ ಬಾಗಿಲುಗಳಲ್ಲಿ ಎಲ್ಲೂ ಒಂದು ಗಂಟು ಇನ್ನೊಮ್ಮೆ ಬಂದಿಲ್ಲ, ಒಂದು ಎಳೆ ತಪ್ಪಿಲ್ಲ. ಊರ ತುಂಬ ತೌನೊನ ನೆಟ್ಟಗಿನ ಕೈಯಿದೆ, ವಾರ್ನಿಷ್ ಹಚ್ಚಿ ಭದ್ರವಾಗಿದೆ. ಅವಳು ಹುಡುಕುವ ಕೈ ಒಂದು ಬಾಗಿಲಿನಲ್ಲೂ ಇಲ್ಲ.

ಶೆಡ್ಡಿನಲ್ಲಿ ಹಲಗೆ ಅವನು ಒರಗಿಸಿಟ್ಟ ಜಾಗದಲ್ಲೇ ಇದೆ. ಬೆಳಕಿಗೆ ಹಿಡಿದು, ಭೂತಗನ್ನಡಿ ಹಿಡಿದು, ಮೂಲೆ ಮೂಲೆ ನೋಡಿದ್ದಾಳೆ, ಒಂದು ಕಂದು ಎಳೆಯಾದರೂ ಉಳಿದಿದೆಯೇ ಎಂದು. ಬರೀ ಹಳದಿ ಬಣ್ಣ. ತೌನೊ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡಿದವನಲ್ಲ, ಪೂರ್ತಿ ಒರೆಸಿದ್ದ.